ಗೆರೆಯಕ್ಕನ ಹೆಬ್ಬೆರಳು

ಶೆಡ್ಡಿನಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಏನೋ ಒಂದು ಹೆಸರು ಇತ್ತು, ಇದ್ದುಕೊಳ್ಳಲಿ. ದೋಣಿಯವರಿಗೆ, ಚಿಪ್ಪು ಬಿಡಿಸುವ ಹೆಂಗಸರಿಗೆ, ಮಂಜುಗಡ್ಡೆ ತರುವ ಲಾರಿಯವನಿಗೆ, ಕೊನೆಗೆ ಮೀನುಗಾರಿಕೆ ಇಲಾಖೆಯ ಸಾಹೇಬರಿಗೂ ಆಕೆ ಗೆರೆಯಕ್ಕ. ಐವತ್ತಾರು ವರ್ಷ, ಗಿಡ್ಡ ಆಳು, ಮೊಣಕಾಲಿನವರೆಗೆ ರಬ್ಬರ್ ಬೂಟು, ಮೂಗಿನ ತುದಿಯಲ್ಲೇ ಕೋಪ. ಆ ಕೋಪಕ್ಕೆ ಹೆದರುವವರು ಕಡಿಮೆ, ಏಕೆಂದರೆ ಅದು ಬಂದಷ್ಟೇ ಬೇಗ ಇಳಿದೂ ಹೋಗುತ್ತಿತ್ತು. ಜನ ಹೆದರುತ್ತಿದ್ದದ್ದು ಆಕೆಯ ಬಲಗೈ ಹೆಬ್ಬೆರಳಿಗೆ.

ಆ ಬೆರಳಿನ ಮಹಿಮೆ ಹೇಳಬೇಕಾದರೆ ಮೊದಲು ಬೀಸಣಿಗೆ ಚಿಪ್ಪಿನ ಸಮಾಚಾರ ಹೇಳಬೇಕು. ಊರ ಮುಂದಿನ ಕೊಲ್ಲಿಯಲ್ಲಿ, ಎದೆಮಟ್ಟದ ನೀರಿನ ತಳದಲ್ಲಿ, ಕಡಲಹುಲ್ಲು ಒತ್ತಾಗಿ ಬೆಳೆದಿರುತ್ತದೆ. ಅದರ ನಡುವೆ ಈ ಚಿಪ್ಪಿನ ಸಂಸಾರ. ಬಿಚ್ಚಿದ ಬೀಸಣಿಗೆಯ ಆಕಾರ, ಅಂಗೈಯಲ್ಲಿ ಹಿಡಿಸುವಷ್ಟು ಗಾತ್ರ. ಉಳಿದ ಚಿಪ್ಪುಗಳ ಹಾಗೆ ಕೆಸರಲ್ಲಿ ಹೂತುಕೊಂಡು ಬಿದ್ದಿರುವ ಸೋಮಾರಿ ಜಾತಿ ಅಲ್ಲ ಇದು. ಎರಡು ಚಿಪ್ಪನ್ನೂ ಪಟಪಟ ಬಡಿದು, ನೀರು ಚಿಮ್ಮಿಸಿ, ಚಪ್ಪಾಳೆ ತಟ್ಟುತ್ತ ಈಜುತ್ತದೆ. ಎತ್ತ ಹೊರಟಿದೆ ಎಂದು ಅದಕ್ಕೇ ಗೊತ್ತಿರುವುದಿಲ್ಲ, ಆ ಮಾತು ಬೇರೆ. ಅಂಚಿನ ಸುತ್ತ ಸಾಲಾಗಿ ಮೂವತ್ತು ನಲವತ್ತು ನೀಲಿ ಕಣ್ಣು. ಒಂದೇ ಮೈಯಲ್ಲಿ ಗಂಡೂ ಇದೆ, ಹೆಣ್ಣೂ ಇದೆ. ಜಗಳಕ್ಕೆ ಜಾಗವೇ ಇಲ್ಲದ ಸಂಸಾರ ಅಂದರೆ ಅದು ಎಂದು ಗೆರೆಯಕ್ಕ ಗಂಡನ ಕಡೆ ನೋಡಿಕೊಂಡು ಹೇಳುವುದಿತ್ತು.

ಇಷ್ಟೆಲ್ಲ ಆಡಂಬರದ ಪ್ರಾಣಿಗೆ ಆಯಸ್ಸು ಮಾತ್ರ ಎರಡೇ ವರ್ಷ, ಹೆಚ್ಚೆಂದರೆ ಒಂದೆರಡು ತಿಂಗಳು ಕೊಸರು. ಒಂದು ಬೇಸಿಗೆಯಲ್ಲಿ ಹುಟ್ಟಿ, ನೂಲಿನಂಥ ಎಳೆಯಿಂದ ಹುಲ್ಲಿಗೆ ಕಟ್ಟಿಕೊಂಡು ನೇತಾಡುತ್ತ ಬೆಳೆಯುತ್ತದೆ. ಚಳಿಗಾಲ ಬಂದರೆ ಬೆಳವಣಿಗೆ ನಿಲ್ಲಿಸಿ ತೆಪ್ಪಗಾಗುತ್ತದೆ. ನೀರು ಬೆಚ್ಚಗಾದ ಮೇಲೆ ಮತ್ತೆ ಬೆಳೆದು, ಮರುಬೇಸಿಗೆಗೆ ಮೊಟ್ಟೆ ಬಿಡುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು, ಇನ್ನೊಂದು ಬೇಸಿಗೆ ಕಾಣುವುದು ಎಲ್ಲೋ ಸಾವಿರಕ್ಕೊಂದು. ಚಳಿಯಲ್ಲಿ ನಿಂತು ಮತ್ತೆ ಶುರುವಾದ ಕಡೆ ಚಿಪ್ಪಿನ ಬೆನ್ನ ಮೇಲೆ ಅಡ್ಡಕ್ಕೆ ಒಂದು ಉಬ್ಬುಗೆರೆ ಉಳಿದುಬಿಡುತ್ತದೆ. ಗೆರೆ ಇದ್ದರೆ ಹೆತ್ತು ಮುಗಿಸಿದ್ದು, ಹಿಡಿಯಬಹುದು, ಹಿಡಿಯದಿದ್ದರೂ ಸಾಯುತ್ತದೆ. ಗೆರೆ ಇಲ್ಲದಿದ್ದರೆ ಎಳೆಯದು, ಬರುವ ಬೇಸಿಗೆಗೆ ಹೆರಬೇಕಾದದ್ದು, ಮುಟ್ಟಬಾರದು. ಕೊಲ್ಲಿಯ ಕಾನೂನೆಲ್ಲ ಆ ಒಂದು ಗೆರೆಯ ಮೇಲೆ ನಿಂತಿತ್ತು.

ಆ ಗೆರೆ ನೋಡುವುದು ಗೆರೆಯಕ್ಕನ ಕೆಲಸ. ದೋಣಿಕಟ್ಟೆಯ ಪಕ್ಕದ ಶೆಡ್ಡಿನಲ್ಲಿ, ಬಾಗಿಲಿಗೆ ಹತ್ತಿರ, ತಗಡು ಹೊದಿಸಿದ ಮೇಜು. ದೋಣಿ ಬಂದು ಬುಟ್ಟಿ ಇಳಿದ ತಕ್ಷಣ ಮೊದಲು ಆ ಮೇಜಿನ ಮುಂದೆ ನಿಲ್ಲಬೇಕು. ಆಕೆ ಪ್ರತಿ ಬುಟ್ಟಿಯ ಮೇಲಿನಿಂದ, ನಡುವಿನಿಂದ, ತಳದಿಂದ ಐವತ್ತು ಚಿಪ್ಪು ತೆಗೆದು ಹೆಬ್ಬೆರಳಿನಿಂದ ಒಂದೊಂದು ಸಲ ಸವರುತ್ತಿದ್ದಳು. ಐವತ್ತರಲ್ಲಿ ಮೂರಕ್ಕೆ ಗೆರೆ ಇಲ್ಲ ಅಂದರೆ ಇಡೀ ಬುಟ್ಟಿ ವಾಪಸ್ ನೀರಿಗೆ. ಸವರುವಾಗ ಆಕೆ ಚಿಪ್ಪಿನ ಕಡೆ ನೋಡುತ್ತಿರಲಿಲ್ಲ. ಯಾರ ಜೊತೆಗೋ ಜಗಳವಾಡುತ್ತಲೋ, ಲಾರಿಯವನಿಗೆ ಬೈಯುತ್ತಲೋ, ಕೈ ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು.

ಮೊದಲು ಆಕೆ ಚಿಪ್ಪು ಬಿಡಿಸುವ ಹೆಂಗಸರಲ್ಲಿ ಒಬ್ಬಳು. ಇಪ್ಪತ್ತೈದನೆಯ ವಯಸ್ಸಿಗೆ ಬಂದು ಚಾಕು ಹಿಡಿದವಳು. ಆಗ ಮೇಜಿನಲ್ಲಿ ಕೂರುತ್ತಿದ್ದ ಮುದುಕ ದಪ್ಪ ಕನ್ನಡಕದ ಆಸಾಮಿ. ಒಂದು ಮಧ್ಯಾಹ್ನ ಮೋಡ ಕವಿದು, ಕರೆಂಟೂ ಹೋಗಿ, ಆತ ಚಿಪ್ಪನ್ನು ಮೂಗಿಗೆ ಹತ್ತಿಸಿಕೊಂಡು ಒದ್ದಾಡುತ್ತಿದ್ದಾಗ ಈಕೆ ಹೋಗಿ, ಕೊಡಿ ಇಲ್ಲಿ, ಕಣ್ಣು ಯಾಕೆ ಬೇಕು ಇದಕ್ಕೆ ಎಂದು ನಾಲ್ಕು ಬುಟ್ಟಿಯನ್ನು ಬೆರಳಲ್ಲೇ ನೋಡಿ ಮುಗಿಸಿದಳು. ಮುದುಕ ಬಿಟ್ಟ ಮೇಲೆ ಮೇಜು ತಾನಾಗಿ ಈಕೆಗೆ ಬಂತು. ಗಂಡ ಸಿಕ್ಕಿದ್ದೂ ಅದೇ ಶೆಡ್ಡಿನಲ್ಲಿ. ನೀರೆತ್ತುವ ಪಂಪು ರಿಪೇರಿಗೆ ಬಂದ ಮೆಕ್ಯಾನಿಕ್ಕು, ಒಂದು ಗಂಟೆಯ ಕೆಲಸವನ್ನು ನಾಲ್ಕು ದಿನ ಎಳೆದ. ಐದನೆಯ ದಿನ ಈಕೆಯೇ ಕೇಳಿದಳು, ಪಂಪಿಗೆ ಏನಾಗಿದೆ ಅಂತಲೋ ನಿಮಗೆ ಏನಾಗಿದೆ ಅಂತಲೋ. ಆತ ಹೂಂ ಎಂದ. ಅಲ್ಲಿಂದ ಇಲ್ಲಿಯವರೆಗೆ ಆತನ ಮಾತಿನಲ್ಲಿ ಮುಕ್ಕಾಲು ಪಾಲು ಹೂಂಗಳೇ.

ಇಬ್ಬರಿಗೂ ಒಬ್ಬಳೇ ಮಗಳು, ಇಪ್ಪತ್ತೇಳು ವರ್ಷ. ಬಾಯಿ ತಾಯಿಯದು, ಕೈ ತಂದೆಯದು. ದೋಣಿಯ ಹುಚ್ಚು ಮಾತ್ರ ಎಲ್ಲಿಂದ ಅಂಟಿತೋ. ಕೊಲ್ಲಿಯಲ್ಲಿ ಚಿಪ್ಪು ಹಿಡಿಯಲು ಇದ್ದದ್ದು ನಲವತ್ತೇ ಲೈಸೆನ್ಸು, ಯಾರದಾದರೂ ಖಾಲಿಯಾದರೆ ಪಟ್ಟಿಯಲ್ಲಿ ಮುಂದಿದ್ದವರಿಗೆ. ಮಗಳು ಪಟ್ಟಿಯಲ್ಲಿ ಹೆಸರು ಬರೆಸಿ ಆರು ವರ್ಷ ಲಾಂಚು ಟಿಕೆಟಿನ ಕೌಂಟರಿನಲ್ಲಿ ಕೂತು ಕಾದಿದ್ದಳು. ಆ ವರ್ಷ ಅವಳ ಸರದಿ ಬಂತು. ಹಳೆಯ ದೋಣಿಯೊಂದನ್ನು ತಂದೆ ಮಗಳು ಸೇರಿ ಬಿಚ್ಚಿ ಕಟ್ಟಿದರು, ಅಡಿಗೆಮನೆಯ ತನಕ ಎಂಜಿನ್ನಿನ ಬಿಡಿಭಾಗ ಹರಡಿತ್ತು. ಚಮಚ ಹುಡುಕಿದರೆ ಸ್ಪ್ಯಾನರು ಸಿಗುತ್ತಿತ್ತು. ಲೈಸೆನ್ಸಿಗೆ ಒಂದು ಷರತ್ತು: ಮೊದಲ ಹಂಗಾಮಿನಲ್ಲಿ ಕಡಿಮೆ ಎಂದರೆ ಹದಿನೈದು ದಿನ ಚಿಪ್ಪು ತಂದು ಶೆಡ್ಡಿಗೆ ಇಳಿಸಬೇಕು. ಇಲ್ಲದಿದ್ದರೆ ಲೈಸೆನ್ಸು ರದ್ದು, ಮತ್ತೆ ಪಟ್ಟಿಯ ತುದಿಗೆ. ಲೈಸೆನ್ಸು ಇಟ್ಟುಕೊಂಡು ಸುಮ್ಮನೆ ಕೂರುವವರಿಗಾಗಿ ಮಾಡಿದ ನಿಯಮ ಅದು. ತನ್ನಂಥವಳಿಗೆ ಅದರ ಚಿಂತೆ ಯಾಕೆ ಎಂದು ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಹದಿನೈದು ಮನೆ ಪೆನ್ಸಿಲಿನಲ್ಲಿ ಮೊದಲೇ ಗುರುತು ಹಾಕಿಕೊಂಡಿದ್ದಳು.

ಹಂಗಾಮಿನ ಮೂರನೆಯ ದಿನ ಎಡವಟ್ಟಾಯಿತು. ದೋಣಿಯವರಲ್ಲಿ ಒಬ್ಬನಿಗೆ ಡಂಗುರಣ್ಣ ಎಂದು ಹೆಸರು. ಮೂರು ಚಿಪ್ಪು ಸಿಕ್ಕಿದರೆ ಮುನ್ನೂರು ಎಂದು ಊರಿಗೆಲ್ಲ ಸಾರುವ ಗಂಟಲು ಅವನದು. ಅವನು ಆ ದಿನ ಆರು ಬುಟ್ಟಿ ತಂದಿಟ್ಟ. ಚಿಪ್ಪುಗಳೂ ಒಳ್ಳೆ ದಷ್ಟಪುಷ್ಟ. ಗೆರೆಯಕ್ಕ ಒಂದನ್ನು ತೆಗೆದು ಸವರಿದಳು. ನುಣುಪು. ಇನ್ನೊಂದು, ನುಣುಪು. ಹತ್ತನ್ನು ನೋಡಿದಳು, ಒಂದಕ್ಕೂ ಗೆರೆ ಇಲ್ಲ. ಬುಟ್ಟಿ ಎತ್ತು, ನೀರಿಗೆ ಹಾಕು ಎಂದಳು. ಇಷ್ಟು ದೊಡ್ಡದಾಗಿ ಎಳೆಯದು ಇರುತ್ತದಾ ಎಂದು ಅವನು ಕೇಳಿದ. ನೀನೂ ಇಷ್ಟು ದೊಡ್ಡದಾಗಿಲ್ಲವಾ, ಬುದ್ಧಿ ಬಂದಿದೆಯಾ ಎಂದು ಈಕೆ ಕೇಳಿದಳು. ಬಿಡಿಸುವ ಹೆಂಗಸರು ಚಾಕು ಕೆಳಗಿಟ್ಟು ನಕ್ಕರು.

ಅದೇ ಹೊತ್ತಿಗೆ ಇಲಾಖೆಯ ಹೊಸ ಸಾಹೇಬರು ಶೆಡ್ಡಿಗೆ ಬಂದಿದ್ದರು. ಚಿಕ್ಕ ವಯಸ್ಸು, ಜೇಬಿನಲ್ಲಿ ಭೂತಗನ್ನಡಿ. ಅವರು ಒಂದು ಚಿಪ್ಪನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಗೆರೆ ಇದೆಯಲ್ಲ ಅಕ್ಕ, ಇಲ್ಲಿ ನೋಡಿ ಎಂದರು. ಗೆರೆ ಇತ್ತು. ಎಲ್ಲಿ? ಎರಡು ಚಿಪ್ಪೂ ಸೇರುವ ಬುಡದ ಹತ್ತಿರ, ಕಿರುಬೆರಳ ಉಗುರಿನಷ್ಟು ದೂರದಲ್ಲಿ. ಮೂವತ್ತು ವರ್ಷದಿಂದ ಗೆರೆಯಕ್ಕನ ಬೆರಳು ಚಿಪ್ಪಿನ ನಡುವಿಗೇ ಹೋಗಿ ಅಭ್ಯಾಸ, ಗೆರೆ ಇರುವುದೇ ಅಲ್ಲಿ. ಬುಡದ ಕಡೆ ಅದು ತಿರುಗಿಯೂ ನೋಡಿರಲಿಲ್ಲ. ಆರು ಬುಟ್ಟಿಯೂ ಪಾಸಾಯಿತು. ಈ ಸಲ ಹೆಂಗಸರು ನಕ್ಕದ್ದು ಆಕೆಯನ್ನು ನೋಡಿ. ಡಂಗುರಣ್ಣನಿಗೆ ಇನ್ನೇನು ಬೇಕು, ಸಂಜೆಯ ಹೊತ್ತಿಗೆ ಉಪ್ಪು ಖಾರ ಹಚ್ಚಿ ಬೀದಿಯ ಕೊನೆಯ ಮನೆಗೂ ತಲುಪಿಸಿದ್ದ. ಹಾಲಿನ ಅಂಗಡಿಯವನು ಕೂಡ, ಅಕ್ಕ, ಪೊಟ್ಟಣದ ಮೇಲೆ ತಾರೀಕು ಓದಿ ಹೇಳಲಾ ಎಂದು ಕಾಲೆಳೆದ.

ಮನೆಯಲ್ಲಿ ಮಗಳು ಕೆಮ್ಮು ಬರುವಷ್ಟು ನಕ್ಕಳು. ಗಂಡ ನಗಲಿಲ್ಲ, ತಟ್ಟೆಯ ಕಡೆ ತುಂಬ ಗಮನ ಕೊಟ್ಟು ಊಟ ಮಾಡಿದ. ಮಗಳ ಬಲೆಗೂ ಬೀಳುತ್ತಿದ್ದದ್ದು ಆ ಬುಡಗೆರೆಯ ಚಿಪ್ಪುಗಳೇ. ದಡದ ಹತ್ತಿರದ ನಡುಗೆರೆಯವು ಮೊದಲೆರಡು ದಿನಕ್ಕೇ ಮುಗಿದಿದ್ದವು, ಈಗ ಕೊಲ್ಲಿಯ ತುಂಬ ಅವೇ, ಮಾಮೂಲಿ ಚಿಪ್ಪು ಹತ್ತಕ್ಕೆ ಒಂದಿದ್ದರೆ ಹೆಚ್ಚು. ಕಬ್ಬಿಣದ ಚೌಕಟ್ಟಿಗೆ ಕಟ್ಟಿದ ಬಲೆಯನ್ನು ಹುಲ್ಲಿನ ಪಕ್ಕ ಎರಡು ಸಲ ಎಳೆದರೆ ಬುಟ್ಟಿ ತುಂಬುತ್ತದೆ, ಹೀಗಾದರೆ ಹದಿನೈದು ದಿನ ಏನು ಮಹಾ ಎಂದು ಅವಳು ಕ್ಯಾಲೆಂಡರಿನಲ್ಲಿ ಇನ್ನೊಂದು ಮನೆಗೆ ಅಡ್ಡಗೀಟು ಹಾಕಿದಳು.

ಗೆರೆಯಕ್ಕನಿಗೆ ಮಾತ್ರ ಅನ್ನ ಇಳಿಯಲಿಲ್ಲ. ಅವಮಾನವಾಯಿತು ಎನ್ನುವುದು ನಿಜವೇ, ಸುಳ್ಳು ಯಾಕೆ ಹೇಳಬೇಕು. ಜೊತೆಗೆ ಒಂದು ಪ್ರಶ್ನೆಯೂ ಕೊರೆಯುತ್ತಿತ್ತು. ಗೆರೆ ಅಷ್ಟು ಬುಡಕ್ಕೆ ಯಾಕೆ ಹೋಯಿತು? ನಾಲ್ಕು ದಿನ ತಡೆದುಕೊಂಡು, ಐದನೆಯ ದಿನ ಬೆಳಿಗ್ಗೆ, ದೋಣಿಗಳು ಇನ್ನೂ ನೀರಿನಲ್ಲಿರುವಾಗಲೇ, ಹೋಗಿ ಬಿಡಿಸುವ ಹೆಂಗಸರ ನಡುವೆ ಕೂತು ಚಾಕು ಹಿಡಿದಳು. ಅಕ್ಕನಿಗೆ ಹಿಂಬಡ್ತಿ ಕೊಟ್ಟರಾ ಎಂದು ಅವರು ಕೇಳಿದರು. ಆಕೆ ಬೈಯದೆ ಬುಟ್ಟಿಯಿಂದ ಚಿಪ್ಪು ಎತ್ತಿಕೊಂಡಳು. ಅದೇ ಒಂದು ಆಶ್ಚರ್ಯ.

ಚಾಕುವಿನ ತುದಿ ಒಳಗೆ ಹೋಗಿ, ಮೇಲಿನ ಚಿಪ್ಪಿನಿಂದ ಬಿಳಿಯ ಮಾಂಸದ ಬಿಲ್ಲೆಯನ್ನು ಬಿಡಿಸಿದರೆ ಚಿಪ್ಪು ತೆರೆದುಕೊಳ್ಳುತ್ತದೆ. ತಿನ್ನುವುದು ಆ ಬಿಲ್ಲೆಯನ್ನು. ಉಳಿದದ್ದನ್ನು ಎಲ್ಲರೂ ಒಂದೇ ಸಲಕ್ಕೆ ಕಿತ್ತು ಡಬ್ಬಿಗೆ ಎಸೆಯುತ್ತಾರೆ, ಕ್ಷಣ ಕೂಡ ನೋಡುವುದಿಲ್ಲ. ಗೆರೆಯಕ್ಕ ಎಸೆಯಲಿಲ್ಲ. ಬಿಲ್ಲೆಯನ್ನು ಬಳಸಿ ಕೂತಿರುವ ಮೊಟ್ಟೆಚೀಲವನ್ನು ಬೆರಳಲ್ಲಿ ಒತ್ತಿ ನೋಡಿದಳು. ನಡುಗೆರೆಯ ಮಾಮೂಲಿ ಚಿಪ್ಪಿನಲ್ಲಿ ಆ ಚೀಲ ಜೋತುಬಿದ್ದಿತ್ತು, ಹತ್ತಿ ತೆಗೆದ ದಿಂಬಿನ ಹಾಗೆ. ಹೆತ್ತು ಮುಗಿಸಿದ್ದು. ಬುಡಗೆರೆಯದರಲ್ಲಿ ಚೀಲ ಸಣ್ಣದು, ಬಿಗಿ, ಮೇಲೆ ಕಪ್ಪು ಪೊರೆ. ಅದು ಇನ್ನೂ ತುಂಬಿಯೇ ಇರಲಿಲ್ಲ. ಒಂದಲ್ಲ, ಎರಡಲ್ಲ, ಅರವತ್ತು ಚಿಪ್ಪು ಬಿಚ್ಚಿದಳು. ಅರವತ್ತೂ ಅಷ್ಟೇ.

ಆಗ ಆಕೆಗೆ ಲೆಕ್ಕ ಹತ್ತಿತು. ಹಿಂದಿನ ವರ್ಷ ಬೇಸಿಗೆ ಮುಗಿದರೂ ಸೆಕೆ ಮುಗಿದಿರಲಿಲ್ಲ, ಕೊಲ್ಲಿಯ ನೀರು ಬಹಳ ದಿನ ಬೆಚ್ಚಗೇ ಇತ್ತು. ಚಿಪ್ಪುಗಳು ತಡವಾಗಿ ಇನ್ನೊಂದು ಸಲ ಮೊಟ್ಟೆ ಬಿಟ್ಟಿದ್ದವು. ಆ ಮರಿಗಳು ಬಟಾಣಿಯಷ್ಟಾಗುವ ಹೊತ್ತಿಗೆ ಚಳಿ ಬಂತು, ಗೆರೆ ಬುಡದಲ್ಲೇ ಬಿತ್ತು. ಈ ಬೇಸಿಗೆಯೆಲ್ಲ ಅವು ಮೈ ಬೆಳೆಸಿಕೊಂಡವೇ ಹೊರತು ಹೆರಲಿಲ್ಲ. ಹೆರುವುದು ಬರುವ ಬೇಸಿಗೆಗೆ. ಗೆರೆ ಇದ್ದೂ ಎಳೆಯವು. ಇವನ್ನೆಲ್ಲ ಈಗ ಬುಟ್ಟಿಗೆ ತುಂಬಿದರೆ ಬರುವ ಬೇಸಿಗೆಗೆ ಮೊಟ್ಟೆ ಬಿಡಲು ಕೊಲ್ಲಿಯಲ್ಲಿ ಯಾವುದು ಉಳಿಯುತ್ತದೆ? ಅದರ ಮುಂದಿನ ವರ್ಷ ನಲವತ್ತು ದೋಣಿಯೂ ಬರೀ ಹುಲ್ಲು ಎಳೆಯಬೇಕು.

ಹೇಳಬೇಕು. ಆದರೆ ಹೇಗೆ ಹೇಳುವುದು? ಪುಸ್ತಕದ ಪ್ರಕಾರ ಗೆರೆ ಇದ್ದರೆ ಆಯಿತು. ಸಾಹೇಬರು ಗೆರೆ ತೋರಿಸಿದ್ದಾರೆ. ಈಗ ಎದ್ದು ನಿಂತು ಅವು ಎಳೆಯವು ಎಂದರೆ, ಸೋತವಳು ಮಾನ ಉಳಿಸಿಕೊಳ್ಳಲು ಹೊಸ ಕಥೆ ಕಟ್ಟಿದಳು ಎನ್ನುತ್ತಾರೆ. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಮಗಳದು ಎಂಟು ದಿನ ಆಗಿತ್ತು, ಇನ್ನೂ ಏಳು ಬಾಕಿ. ಹಿಡಿಯುವುದು ನಿಂತರೆ ಲೈಸೆನ್ಸು ಹೋಗುತ್ತದೆ, ಮತ್ತೆ ಆರು ವರ್ಷ ಆ ಟಿಕೆಟ್ ಕೌಂಟರು. ಗೆರೆಯಕ್ಕನಿಗೆ ಭಯವಾಯಿತು. ಇನ್ನೊಂದು ವಾರ ಬಾಯಿ ಮುಚ್ಚಿಕೊಂಡಿದ್ದರೆ ಏನು ಮುಳುಗುತ್ತದೆ ಎಂದು ಮನಸ್ಸು ಹೇಳಿತು. ವಾರಕ್ಕೆ ನಲವತ್ತು ದೋಣಿ ಎಷ್ಟು ಬುಟ್ಟಿ ತರುತ್ತವೆ ಎಂದು ಬೆರಳು ಹೇಳಿತು.

ಎರಡು ದಿನ ಆಕೆ ಶೆಡ್ಡಿನಲ್ಲಿ ಯಾರಿಗೂ ಬೈಯಲಿಲ್ಲ. ಲಾರಿಯವನು ಬಂದು, ಅಕ್ಕನಿಗೆ ಹುಷಾರಿಲ್ಲವಾ ಎಂದು ಕೇಳಿಹೋದ. ಕೊನೆಗೆ ಗಂಡನ ಹತ್ತಿರ ಬಾಯಿಬಿಟ್ಟಳು. ಆತ ಕೈಯ ಗ್ರೀಸು ಒರೆಸಿಕೊಳ್ಳುತ್ತ ಪೂರ್ತಿ ಕೇಳಿ, ಹೂಂ ಎಂದ. ಆಮೇಲೆ, ಅಪರೂಪಕ್ಕೆ, ಇನ್ನೂ ನಾಲ್ಕು ಮಾತಾಡಿದ.

"ನೀನು ಸುಮ್ಮನಿರೋದನ್ನ ನಾನು ಯಾವತ್ತೂ ನೋಡಿಲ್ಲ. ಎರಡು ದಿನದಿಂದ ನೋಡ್ತಾ ಇದೀನಿ. ಚೆನ್ನಾಗಿಲ್ಲ. ಮೊದಲು ಮಗಳಿಗೆ ಹೇಳು, ಆಮೇಲೆ ಊರಿಗೆ."

ಆ ದಿನ ಮಗಳು ಒಂಬತ್ತನೆಯ ಮನೆಗೆ ಗೀಟು ಹಾಕಿ ಕೈತೊಳೆದು ಕೂತಿದ್ದಳು. ತಾಯಿ ಎರಡು ಚಿಪ್ಪು ಬಿಚ್ಚಿ ತಟ್ಟೆಯಲ್ಲಿಟ್ಟು ವಿಷಯ ಹೇಳಿದಳು. ಮಗಳು ತಟ್ಟೆಯನ್ನು ನೋಡಿದಳು, ತಾಯಿಯನ್ನು ನೋಡಿದಳು. ಅವಳ ಮುಖದ ಬಣ್ಣವೇ ಹೋಯಿತು.

"ನಿನ್ನ ಹೆಬ್ಬೆರಳು ಒಂದು ಸಲ ತಪ್ಪಿತು ಅಂತ ನನ್ನ ದೋಣಿ ಮುಳುಗಿಸ್ತೀಯಾ ಅಮ್ಮ?"

ಅದಕ್ಕಲ್ಲ ಎಂದು ಗೆರೆಯಕ್ಕ ಹೇಳಹೊರಟಳು. ಮತ್ತೆ ಯಾವುದಕ್ಕೆ, ಕಾನೂನೇ ಹಿಡಿಯಬಹುದು ಎನ್ನುವಾಗ ನಿನಗೆ ಯಾಕೆ ಊರ ಉಸಾಬರಿ, ಆರು ವರ್ಷ ನಾನು ಆ ಡಬ್ಬಿಯಂಥ ಕೌಂಟರಿನಲ್ಲಿ ಹೇಗೆ ಕೂತಿದ್ದೆ ಎಂದು ನಿನಗೇನು ಗೊತ್ತು ಎಂದು ಮಗಳು ಒಂದೇ ಉಸಿರಿಗೆ ಕೇಳಿದಳು. ಇನ್ನು ಆರೇ ದಿನ ತಡಿ ಎಂದು ಬೇಡಿಕೊಂಡಳು. ಗೆರೆಯಕ್ಕ ತಟ್ಟೆಯನ್ನು ಅವಳ ಕಡೆ ಸರಿಸಿದಳು. ಆರು ದಿನ ನಿನ್ನೊಬ್ಬಳಿಗೆ ಅಲ್ಲವಲ್ಲ, ನಲವತ್ತು ದೋಣಿಗೆ ಎಂದಳು. ಮಗಳು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ಮಾರನೆಯ ದಿನ ದೋಣಿಗಳೆಲ್ಲ ಬಂದು ನಿಂತ ಹೊತ್ತಿಗೆ ಗೆರೆಯಕ್ಕ ತನ್ನ ಮೇಜಿನ ಮೇಲೆ ಎರಡು ತಟ್ಟೆ ಇಟ್ಟು ಸಾಹೇಬರನ್ನು ಕರೆದಳು. ಡಂಗುರಣ್ಣ ಬಾಗಿಲಲ್ಲೇ, ಅಕ್ಕನಿಗೆ ಸೋತದ್ದು ಇನ್ನೂ ಅರಗಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಬೇರೆ ದಿನವಾಗಿದ್ದರೆ ಅವನ ಏಳು ತಲೆಮಾರು ಜಾಲಾಡಿಬಿಡುತ್ತಿದ್ದಳು. ಆ ದಿನ ಅವನ ಕಡೆ ತಿರುಗಿ ನಿಧಾನವಾಗಿ ಮಾತಾಡಿದಳು.

"ಅವತ್ತು ನಾನು ಗೆರೆ ಇಲ್ಲ ಅಂದೆ, ಅದು ತಪ್ಪು. ಗೆರೆ ಇತ್ತು, ನನ್ನ ಬೆರಳಿಗೆ ಸಿಗಲಿಲ್ಲ. ಎಲ್ಲರೂ ನಕ್ಕಿದ್ದು ಸರಿಯಾಗೇ ಇತ್ತು. ಈಗ ಚಿಪ್ಪಿನ ಹೊರಗಡೆ ಬಿಡಿ, ಒಳಗಡೆ ನೋಡಿ."

ಒಂದೊಂದಾಗಿ ಬಿಚ್ಚಿದಳು. ನಡುಗೆರೆಯವು ಒಂದು ತಟ್ಟೆಗೆ, ಬುಡಗೆರೆಯವು ಇನ್ನೊಂದಕ್ಕೆ. ಮೊದಲು ಬಂದು ಬಗ್ಗಿ ನೋಡಿದವರು ಬಿಡಿಸುವ ಹೆಂಗಸರು. ದಿನಕ್ಕೆ ಸಾವಿರ ಚಿಪ್ಪು ಬಿಚ್ಚಿ ಆ ಚೀಲ ಎಸೆದ ಕೈಗಳು ಅವರದು, ಬೆರಳಲ್ಲಿ ಒತ್ತಿ ನೋಡಿದ್ದೇ ಇವು ಹೆತ್ತಿಲ್ಲ ಎಂದರು. ಆಮೇಲೆ ಡಂಗುರಣ್ಣ ನೋಡಿದ. ತಾನೂ ಎರಡನ್ನು ಒತ್ತಿ ನೋಡಿ, ಹೌದಲ್ಲ ಎಂದು ಪಿಸುಗುಟ್ಟಿದ. ಅವನ ಪಿಸುಮಾತನ್ನು ಕೇಳಿದವರು ಆ ಊರಲ್ಲಿ ಅಲ್ಲಿಯವರೆಗೆ ಇರಲಿಲ್ಲ. ಸಾಹೇಬರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, ತಮ್ಮ ಪುಸ್ತಕದಲ್ಲಿ ಇದು ಇಲ್ಲ, ಇಲ್ಲ ಎಂದ ಮಾತ್ರಕ್ಕೆ ಸುಳ್ಳಲ್ಲ, ಮೇಲಿನವರನ್ನು ಕೇಳಬೇಕು ಎಂದು ಒಪ್ಪಿಕೊಂಡರು. ಮೂವತ್ತು ಚಿಪ್ಪು ಐಸಿನ ಪೆಟ್ಟಿಗೆಯಲ್ಲಿ ಇಲಾಖೆಯ ಪ್ರಯೋಗಾಲಯಕ್ಕೆ ಹೋದವು. ಉತ್ತರ ಬರುವ ತನಕ ಹಿಡಿಯಲು ಹೋಗುವವರು ಹೋಗಬಹುದು ಎಂದರು.

ಮಗಳು ಹೋದಳು. ಯಾರು ಹೋಗದಿದ್ದರೂ ಅವಳು ಹೋದಳು. ತಾಯಿಯ ಜೊತೆ ಮಾತಿಲ್ಲ, ಕತೆಯಿಲ್ಲ. ಶೆಡ್ಡಿಗೆ ಬುಟ್ಟಿ ತಂದಿಟ್ಟು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ಗೆರೆಯಕ್ಕ ಸವರುತ್ತಿದ್ದಳು, ಗೆರೆ ಇದೆ ಎನ್ನುತ್ತಿದ್ದಳು, ಬುಟ್ಟಿ ಪಾಸಾಗುತ್ತಿತ್ತು. ಹತ್ತು ದಿನವಾಯಿತು, ಹನ್ನೊಂದಾಯಿತು. ಆಮೇಲೆ ಎರಡು ದಿನ ಗಾಳಿ ಎದ್ದು ಯಾವ ದೋಣಿಯೂ ಕಟ್ಟೆ ಬಿಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಗಾಳಿ ನಿಂತಿತು, ಆದೇಶವೂ ಬಂತು. ಬುಡಗೆರೆಯ ಚಿಪ್ಪುಗಳು ಹೆತ್ತಿಲ್ಲ, ಹೆರುವ ತನಕ ಹಿಡಿಯಕೂಡದು, ಕೊಲ್ಲಿಯಲ್ಲಿ ಹೆಚ್ಚಿನವು ಅವೇ ಆದ್ದರಿಂದ ಈ ಹಂಗಾಮು ಇಲ್ಲಿಗೆ ಬಂದ್. ಕಾಗದವನ್ನು ಶೆಡ್ಡಿನ ಬಾಗಿಲಿಗೆ ಅಂಟಿಸಿದರು. ಮಗಳು ಅದನ್ನು ಎರಡು ಸಲ ಓದಿದಳು. ನಾಲ್ಕು ದಿನ ಕಡಿಮೆ ಬಿದ್ದಿತ್ತು, ಇಲಾಖೆಯೇ ಹಂಗಾಮು ನಿಲ್ಲಿಸಿದ್ದರೂ ಷರತ್ತಿಗೆ ವಿನಾಯಿತಿ ಇರಲಿಲ್ಲ.

ಗಾಳಿ ಏಳುವ ಮೊದಲು ಇಳಿಸಿದ್ದು, ಬಿಡಿಸದೆ ಉಳಿದು ಶೆಡ್ಡಿನ ನೀರಿನ ತೊಟ್ಟಿಯಲ್ಲಿ ಇನ್ನೂ ಜೀವಂತವಾಗಿದ್ದ ಹತ್ತೊಂಬತ್ತು ಬುಟ್ಟಿ ಚಿಪ್ಪನ್ನು ವಾಪಸ್ ಹುಲ್ಲಿಗೆ ಬಿಡಬೇಕಿತ್ತು. ಯಾರ ದೋಣಿ ಎಂದು ಸಾಹೇಬರು ಕೇಳುವ ಮೊದಲೇ ಮಗಳು ಬುಟ್ಟಿ ಎತ್ತತೊಡಗಿದ್ದಳು. ಮೂರು ಸರದಿ ಹೋಗಿ ಬಂದಳು. ದಡದಿಂದ ಗೆರೆಯಕ್ಕ ನೋಡುತ್ತ ನಿಂತಿದ್ದಳು. ಬುಟ್ಟಿ ಮಗುಚಿದ ಕಡೆ ನೀರಲ್ಲಿ ಚಿಪ್ಪುಗಳು ಪಟಪಟ ಬಡಿಯುತ್ತ ದಿಕ್ಕಾಪಾಲಾಗಿ ಓಡುವುದನ್ನು ಮಗಳು ದೋಣಿಯಿಂದ ಬಗ್ಗಿ ನೋಡುತ್ತಿದ್ದಳು. ಕೊನೆಯ ಸರದಿ ಮುಗಿಸಿ ಬಂದವಳು ತಾಯಿಯ ಪಕ್ಕದಿಂದಲೇ ಹಾದು ಹೋದಳು, ಮಾತಾಡಲಿಲ್ಲ.

ಹದಿನೇಳು ದಿನ ಮಾತಾಡಲಿಲ್ಲ. ಉಪ್ಪು ಬೇಕಾದರೆ ಅಪ್ಪನ ಮೂಲಕ ಕೇಳುತ್ತಿದ್ದಳು. ಅಪ್ಪ ಹೂಂ ಎಂದು ಉಪ್ಪು ದಾಟಿಸುತ್ತಿದ್ದ. ಗೆರೆಯಕ್ಕನಿಗೆ ತಾನು ಮಾಡಿದ್ದು ಸರಿ ಎನ್ನುವುದರಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ. ಅದರಿಂದ ಎಳ್ಳಷ್ಟೂ ಸಮಾಧಾನವೂ ಇರಲಿಲ್ಲ.

ಲೈಸೆನ್ಸು ವಾಪಸ್ ಒಪ್ಪಿಸುವ ದಿನ ಬಂತು. ಇಲಾಖೆಯ ಕಚೇರಿಯಲ್ಲಿ ಉದ್ದ ಬೆಂಚು, ಗಾಜಿನ ಕಿಂಡಿ, ಆಚೆ ಚಹಾ ಕುಡಿಯುತ್ತಿದ್ದ ಗುಮಾಸ್ತ. ತಾನೂ ಬರುತ್ತೇನೆ ಎಂದು ಗೆರೆಯಕ್ಕ ಹೊರಟಾಗ ಮಗಳು ಬೇಡವೆನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಮಗಳು ಕಾಗದವನ್ನು ಕಿಂಡಿಯಲ್ಲಿ ತಳ್ಳಿದಳು. ಗುಮಾಸ್ತ ಅದರ ಮೇಲೆ ರದ್ದು ಎಂದು ಮೊಹರು ಒತ್ತಿ, ಮತ್ತೆ ಪಟ್ಟಿಗೆ ಹೆಸರು ಬರೆಯಬೇಕಾ ಎಂದು ಕೇಳಿದ. ಅಷ್ಟರಲ್ಲಿ ಹಿಂದಿನಿಂದ ಗೆರೆಯಕ್ಕನ ಕೈ ಬಂತು. ಕೈಯಲ್ಲಿ ತುಂಬಿದ ಅರ್ಜಿ, ಅದಕ್ಕೆ ಪಿನ್ನು ಹಾಕಿದ ಇನ್ನೊಂದು ಕಾಗದ.

ಶೆಡ್ಡಿನಲ್ಲಿ ಇಪ್ಪತ್ತೈದು ವರ್ಷ ದುಡಿದವರಿಗೆ, ಖಾಲಿಯಾದ ಲೈಸೆನ್ಸು ಪಟ್ಟಿಯ ಹಂಗಿಲ್ಲದೆ ಸಿಗುತ್ತದೆ ಎಂದು ಒಂದು ಹಳೆಯ ನಿಯಮ ಇತ್ತು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಳಸಿರಲಿಲ್ಲ. ಏಕೆಂದರೆ ಶೆಡ್ಡಿನ ಕೆಲಸ ಬಿಟ್ಟ ಕಾಗದ ಜೊತೆಗಿಡಬೇಕು, ಬಿಟ್ಟ ಮೇಲೆ ಮತ್ತೆ ಸೇರುವಂತಿಲ್ಲ. ಮೇಲಾಗಿ ಲೈಸೆನ್ಸು ಯಾರ ಹೆಸರಿನಲ್ಲಿದೆಯೋ ಅವರು ಪ್ರತಿ ದಿನ ದೋಣಿಯಲ್ಲಿ ಖುದ್ದಾಗಿ ಇರಬೇಕು.

ಮಗಳು ಪಿನ್ನು ಹಾಕಿದ ಕಾಗದವನ್ನು ಓದಿದಳು. ಹದಿನೇಳು ದಿನದ ಮೇಲೆ ತಾಯಿಯ ಮುಖ ನೋಡಿದಳು.

"ಆ ಮೇಜು ಬಿಟ್ಟು ನೀನು ಬದುಕ್ತೀಯಾ ಅಮ್ಮ? ನಿಂಗೆ ದೋಣಿ ಹತ್ತಿದ್ರೆ ವಾಂತಿ."

"ಆಗ್ಲಿ. ಆ ಚಿಪ್ಪಿಗೆ ಇನ್ನೊಂದು ಬೇಸಿಗೆ ಬೇಕಿತ್ತು, ಕೊಡಿಸಿದೆ. ನಿನ್ನ ಕೈಯಿಂದ ಕಿತ್ಕೊಂಡು ಕೊಡಿಸಿದೆ. ಅದು ನಂಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ?"

ಮಗಳು ಅತ್ತಳು. ಅಲ್ಲೇ, ಕಿಂಡಿಯ ಮುಂದೆ, ಹಿಂದೆ ನಾಲ್ಕು ಜನ ಸರದಿಯಲ್ಲಿ ನಿಂತಿರುವಾಗಲೇ, ತಾಯಿಯ ಹೆಗಲಿಗೆ ಮುಖ ಒತ್ತಿ ಅತ್ತಳು. ಗೆರೆಯಕ್ಕನೂ ಅತ್ತಳು, ಆದರೆ ಅಳುತ್ತಲೇ ಗುಮಾಸ್ತನಿಗೆ, ಚಹಾ ಆರಿದರೆ ಆರಲಿ, ಅದನ್ನು ಆಮೇಲೆ ಕುಡಿ, ಮೊದಲು ಮೊಹರು ಒತ್ತು ಎಂದಳು. ಅವನು ಒತ್ತಿದ. ಪಟ್ಟಿಯಲ್ಲಿ ಮುಂದಿದ್ದ ಡಂಗುರಣ್ಣನ ಭಾವಮೈದುನ ವಾರವಿಡೀ ಗೊಣಗಿದ. ಡಂಗುರಣ್ಣನೇ ಅವನ ಬಾಯಿ ಮುಚ್ಚಿಸಿದನಂತೆ, ಆ ಹೆಂಗಸಿನ ತಂಟೆಗೆ ಹೋಗಬೇಡ ಎಂದು.

ಮುಂದಿನ ಹಂಗಾಮಿಗೆ ಮೇಜಿನಲ್ಲಿ ಕೂತದ್ದು ಬಿಡಿಸುವ ಹೆಂಗಸರಲ್ಲೇ ಒಬ್ಬಳು. ಗೆರೆಯಕ್ಕ ದೋಣಿಯ ಹಿಂಬದಿಯಲ್ಲಿ ಒಂದು ಬಕೆಟ್ಟು ತಬ್ಬಿಕೊಂಡು ಕೂತಳು. ಮೊದಲ ದಿನ ನಾಲ್ಕು ಸಲ, ಎರಡನೆಯ ದಿನ ಆರು ಸಲ. ಮಗಳು ಬಲೆ ಎತ್ತಿ ಸುರಿದರೆ, ತಾಯಿ ಕಣ್ಣು ಮುಚ್ಚಿಕೊಂಡೇ ಚಿಪ್ಪು ಆರಿಸುತ್ತಿದ್ದಳು. ಬೈಗುಳ ಈಗ ಪೂರ್ತಿ ಮಗಳೊಬ್ಬಳ ಪಾಲಿಗೆ. ತಡವಾಗಿ ಹುಟ್ಟಿದ ಆ ಚಿಪ್ಪುಗಳು ಬೇಸಿಗೆಯಲ್ಲಿ ಹೆತ್ತಿದ್ದವು, ಹುಲ್ಲಿನ ಎಲೆಗೆಲ್ಲ ಬಟಾಣಿಯಂಥ ಮರಿಗಳು ಮೆತ್ತಿಕೊಂಡಿದ್ದವು. ಬಲೆಗೆ ಸಿಕ್ಕಿ ಮೇಲೆ ಬಂದ ಮರಿಗಳನ್ನೆಲ್ಲ ಬಿಡಿಸಿ ಬಿಡಿಸಿ ನೀರಿಗೆ ಬಿಡುವುದೇ ಅರ್ಧ ಕೆಲಸವಾಯಿತು.

ಹದಿನೈದನೆಯ ದಿನ ಬುಟ್ಟಿ ಇಳಿಸಿ ಬಂದ ಮಗಳು, ಬಿಳಿಚಿಕೊಂಡು ಕಟ್ಟೆಯ ಮೇಲೆ ಕೂತಿದ್ದ ತಾಯಿಯ ಪಕ್ಕ ಕೂತಳು. ಲೈಸೆನ್ಸು ಗಟ್ಟಿಯಾಯಿತು ಎಂದಳು. ಹಾಗಾದರೆ ನಾಳೆಯಿಂದ ನಾನು ಮನೆಯಲ್ಲಿ ಮಲಗಲಾ ಎಂದು ಗೆರೆಯಕ್ಕ ಕೇಳಿದಳು.

"ಲೈಸೆನ್ಸು ನಿನ್ನ ಹೆಸರಲ್ಲಿದೆ ಅಮ್ಮ. ನೀನಿಲ್ದೆ ದೋಣಿ ಹೊರಡಲ್ಲ."

ಗೆರೆಯಕ್ಕ ಆ ನಿಯಮ ಬರೆದವನಿಗೆ ಬಾಯ್ತುಂಬ ಬೈದಳು. ಆಮೇಲೆ ಮಗಳ ಕೈ ಹಿಡಿದು ಎದ್ದು, ಬಕೆಟ್ಟು ತೊಳೆಯಲು ನಲ್ಲಿಯ ಕಡೆ ಹೋದಳು.